ಜಾಮೀನು ಸಿಕ್ಕಿದೆ, ಮೊತ್ತ ಕೈಗೆ ಎಟುಕ್ತಿಲ್ಲ: ಗೊತ್ತಿದ್ದವರು ಹೇಳಿ

ಕೇಳಿದವರು: ಮನೆಗಳ್ಳತನದ ಕೇಸಲ್ಲಿ ತಮ್ಮನಿಗೆ ಜಾಮೀನಾಗಿ 12 ದಿನ ಆಯ್ತು. ಮ್ಯಾಜಿಸ್ಟ್ರೇಟ್ ಕೋರ್ಟು 2 ಲಕ್ಷದ ಬಾಂಡು, ಅಷ್ಟೇ ಮೊತ್ತಕ್ಕೆ ಇಬ್ಬರು ಜಾಮೀನುದಾರರು, ಇಬ್ಬರೂ ಅದೇ ಜಿಲ್ಲೆಯವರಾಗಿರಬೇಕು ಅಂದಿದೆ. ನಮ್ಮ ಜಮೀನಿರೋದು ಬೇರೆ ಜಿಲ್ಲೇಲಿ, ಅದೂ 30 ಗುಂಟೆ. ಇನ್ನೂ ಒಳಗೇ ಇದ್ದಾನೆ.

ಕರಿಕೋಟು: ಹೊಸ ಜಾಮೀನು ಅರ್ಜಿ ಹಾಕೋ ತಪ್ಪು ಮಾಡ್ಬೇಡಿ. ಜಾಮೀನು ಆಗಿದೆ, ಬೇಕಾಗಿರೋದು ಷರತ್ತು ಸಡಿಲಿಕೆ. ಈಗಿನ ಕ್ರಿಮಿನಲ್ ಪ್ರಕ್ರಿಯಾ ಕಾನೂನು ಬಿಎನ್‌ಎಸ್‌ಎಸ್‌ನ ಸೆಕ್ಷನ್ 484, ಅದರ ಹಿಂದಿದ್ದ ಸಿಆರ್‌ಪಿಸಿಲಿ 440. ಬಾಂಡ್ ಮೊತ್ತ ವಿಪರೀತ ಆಗಬಾರದು ಅಂತ ಅದರಲ್ಲೇ ಇದೆ. ಮ್ಯಾಜಿಸ್ಟ್ರೇಟ್ ಹಾಕಿದ ಮೊತ್ತ ಇಳಿಸೋ ಅಧಿಕಾರ ಸೆಷನ್ಸ್ ಕೋರ್ಟಿಗೂ ಹೈಕೋರ್ಟಿಗೂ ಇದೆ. ಜಾಮೀನು ಆದೇಶದ ಸರ್ಟಿಫೈಡ್ ಕಾಪಿ, ರೇಷನ್ ಕಾರ್ಡು, ನಾಡಕಚೇರಿಯ ಆದಾಯ ಪ್ರಮಾಣಪತ್ರ, ಆ 30 ಗುಂಟೆ ಪಹಣಿ, ಎಲ್ಲಾ ಲಗತ್ತಿಸಿ. ‘ಬಡವರು, ದಯವಿಟ್ಟು ಇಳಿಸಿ’ ಅಂತ ಬರೆದ ಅರ್ಜಿ ಬಿದ್ದುಹೋಗುತ್ತೆ. ‘25 ಸಾವಿರ, ಒಬ್ಬ ಜಾಮೀನುದಾರ, ಬೇರೆ ಜಿಲ್ಲೆಯವರಾದರೂ ಒಪ್ಪಬೇಕು’ ಅಂತ ಅಂಕಿ ಹಾಕಿ ಕೇಳಿ. ಜಿಲ್ಲೆಯ ಷರತ್ತನ್ನ ಮರೆತು ಮೊತ್ತ ಮಾತ್ರ ಇಳಿಸಿಕೊಂಡರೆ ಮತ್ತೆ ಅಲ್ಲೇ ಸಿಕ್ಕಿಹಾಕ್ಕೊಳ್ತೀರಿ.

ಪುಟ್ಟಕ್ಕ: ವಕೀಲರು ಅರ್ಜಿ ಅಂದ್ರೆ ಫೀಸೂ ಅಂತ ಯಾಕೆ ಹೇಳಲ್ವೋ! 2023ರ ಜನವರಿ 31ರ ಸುಪ್ರೀಂ ಕೋರ್ಟ್ ನಿರ್ದೇಶನ ಓದಿ. ಜಾಮೀನಾಗಿ 7 ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲು ಸೂಪರಿಂಟೆಂಡೆಂಟರೇ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ನಿಮ್ಮದು 12 ದಿನ! ಪ್ರಾಧಿಕಾರಕ್ಕೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಸೀಲು ಹಾಕಿಸ್ಕೊಳ್ಳಿ, ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತೆ. ಅಲ್ಲಿಂದ ವಕೀಲರು ಉಚಿತ. ಬಡ ಕೈದಿಗಳ ನೆರವಿನ ಯೋಜನೇಲೂ ದುಡ್ಡು ಸಿಗುತ್ತೆ, 2023ರ ಮಾರ್ಗಸೂಚೀಲಿ 40 ಸಾವಿರದವರೆಗೆ ಇತ್ತು. ದುಡ್ಡು ಕೈಗೆ ಬರಲ್ಲ, ಕೋರ್ಟಿಗೆ ಹೋಗುತ್ತೆ. ಎನ್‌ಡಿಪಿಎಸ್ (ಮಾದಕವಸ್ತು), ಯುಎಪಿಎ (ಭಯೋತ್ಪಾದನೆ), ಪಿಎಂಎಲ್‌ಎ (ಅಕ್ರಮ ಹಣ ವರ್ಗಾವಣೆ), ಭ್ರಷ್ಟಾಚಾರದ ಕೇಸಿಗೆ ಇಲ್ಲ.

ಕರಿಕೋಟು: ಉಚಿತ ಅನ್ನೋದು ಸರಿ ಮೇಡಂ. 2 ಲಕ್ಷ ಇಳಿಸದೆ ಆ ನೆರವು ತಗೊಂಡು ಏನ್ಮಾಡ್ತಾರೆ? ಅದೇ ನಿರ್ದೇಶನದಲ್ಲಿ ಕೋರ್ಟು ತಾನಾಗೇ ಸಡಿಲಿಸೋ ಮಾತು ಬರೋದು ಒಂದು ತಿಂಗಳು ಕಳೆದ ಮೇಲೆ. ಅಲ್ಲಿವರೆಗೂ ಒಳಗಿರಲಿ ಅಂತಲೋ?

ಪುಟ್ಟಕ್ಕ: ಎರಡೂ ಒಟ್ಟಿಗೆ ಮಾಡಿ ಅಂತ ಹೇಳಿದ್ದು ರೀ. ಓದಿ ಉತ್ತರ ಕೊಡಿ.

ಹಳೇ ಗುಮಾಸ್ತ: ಬೇರೆ ಜಿಲ್ಲೆ ಅಂತ ತಳ್ಳಿಹಾಕಿದ್ದಕ್ಕೆ ಮೋತಿರಾಮ್ ತೀರ್ಪು ಸಾಕು, 1978. ಮೇಸ್ತ್ರಿಯೊಬ್ಬನಿಗೆ 10 ಸಾವಿರ ಕೇಳಿ, ಅಣ್ಣತಮ್ಮನ ಆಸ್ತಿ ಬೇರೆ ಜಿಲ್ಲೇಲಿದೆ ಅಂತ ತಿರಸ್ಕರಿಸಿದ್ದರು. ಸುಪ್ರೀಂ ಕೋರ್ಟು ಅವನ ಸ್ವಂತ ಬಾಂಡು ಸಾಕು ಅಂತ ಇಳಿಸಿ ಸಾವಿರ ರೂಪಾಯಿ ಮಾಡಿತು. ಆದರೆ ಕೇಸು ಬೀಳೋದು ತೀರ್ಪಿನಲ್ಲಲ್ಲ, ಪಹಣೀಲಿ. ಜಂಟಿ ಖಾತೆ, ಋಣದ ಕಾಲಮ್ಮಲ್ಲಿ ಬ್ಯಾಂಕ್ ಸಾಲ, ಆಧಾರಲ್ಲೊಂದು ಹೆಸರು ಪಹಣೀಲೊಂದು ಹೆಸರು. ಈ ಮೂರರಲ್ಲಿ ಒಂದಿದ್ದರೂ ಕೋರ್ಟ್ ಆಫೀಸಿಂದ ವಾಪಸ್.

ತಾಲೂಕಾಫೀಸ್ ಮುಂದೆ: ಇಷ್ಟೆಲ್ಲ ಯಾಕೆ? ಕೋರ್ಟ್ ಗೇಟಿನ ಹತ್ರ ದುಡ್ಡಿಗೆ ಜಾಮೀನು ನಿಲ್ಲೋರು ಸಿಗ್ತಾರೆ, ಸಂಜೆಗೆ ಹುಡುಗ ಮನೇಲಿ.

ಹಳೇ ಗುಮಾಸ್ತ: ಥೂ, ಇಂಥ ಸಲಹೆ ಕೊಡಬೇಡ್ರೀ. ಬಿಎನ್‌ಎಸ್‌ಎಸ್ 486ರಡಿ ಜಾಮೀನುದಾರ ತಾನು ಎಷ್ಟು ಜನಕ್ಕೆ ನಿಂತಿದ್ದೀನಿ ಅಂತ ಘೋಷಿಸಬೇಕು. ಪಹಣಿ ನಕಲಿ ಅಂತ ಸಿಕ್ಕಿಬಿದ್ದರೆ ಅವನ ಮೇಲೆ ಬೇರೆ ಕೇಸು, ನಿಮ್ಮ ಹುಡುಗ ಮತ್ತೆ ಒಳಗೆ.

ತಾಲೂಕಾಫೀಸ್ ಮುಂದೆ: ಒಬ್ಬನೇ ಎರಡು ಕೇಸಿಗೆ ನಿಲ್ಲೋ ಹಾಗೇ ಇಲ್ಲ, ಇನ್ನು ಘೋಷಣೆ ಯಾಕೆ?

ಕರಿಕೋಟು: ಯಾರು ಹೇಳಿದ್ದು? ಸುಪ್ರೀಂ ಕೋರ್ಟಿನ 2024ರ ಗಿರೀಶ್ ಗಾಂಧಿ ತೀರ್ಪು ನೋಡಿ. ಬೇರೆ ಬೇರೆ ರಾಜ್ಯಗಳ 13 ಕೇಸಲ್ಲಿ ಜಾಮೀನಾಗಿಯೂ ಅವರಿಗೆ ಎರಡಕ್ಕೆ ಮಾತ್ರ ಜಾಮೀನುದಾರರು ಸಿಕ್ಕಿದ್ದರು. ಒಂದೊಂದು ರಾಜ್ಯದ ಎಲ್ಲ ಕೇಸಿಗೂ ಅದೇ ಇಬ್ಬರು ಸಾಕು ಅಂದಿತು ಕೋರ್ಟು.

ಕೇಳಿದವರು: ಜಾಮೀನುದಾರರ ಬದಲು ದುಡ್ಡು ಕಟ್ಟಬಹುದಾ?

ಪುಟ್ಟಕ್ಕ: ಬಿಎನ್‌ಎಸ್‌ಎಸ್ 490ರಡಿ ಕಟ್ಟಬಹುದು, ಕೋರ್ಟು ಒಪ್ಪಿದರೆ. ಮೊದಲು ಮೊತ್ತ ಇಳಿಸಿಕೊಳ್ಳಿ, ಆಮೇಲೆ ಕಟ್ಟಿ. ರಸೀದಿ ಕಳೀಬೇಡಿ, ಕೇಸು ಮುಗಿದ ಮೇಲೆ ವಾಪಸ್ ಕೇಳೋಕೆ ಅದೇ ಬೇಕು. ವಕೀಲರು ಇದನ್ನ ಹೇಳಿರಲ್ಲ.

ಕರಿಕೋಟು: ಹೇಳೋಕೆ ಬಿಟ್ಟರೆ ತಾನೇ ಮೇಡಂ?