ಪ್ರಶ್ನೋತ್ತರ: ಅರ್ಥವುಳ್ಳ ಎಚ್‌ಟಿಎಂಎಲ್ ಮತ್ತು ವೆಬ್ ಮಾನದಂಡಗಳು

ಸಂಚಾಲಕರು: ಎಲ್ಲರಿಗೂ ನಮಸ್ಕಾರ. ವೆಬ್ ಪುಟಗಳನ್ನು ಕೀಬೋರ್ಡ್ ಮತ್ತು ಸ್ಕ್ರೀನ್ ರೀಡರ್ (ಪರದೆಯಲ್ಲಿರುವುದನ್ನು ಧ್ವನಿಯಲ್ಲಿ ಓದಿ ಹೇಳುವ ತಂತ್ರಾಂಶ) ಬಳಸಿ ಪರೀಕ್ಷಿಸುವುದನ್ನೇ ವೃತ್ತಿಯಾಗಿಸಿಕೊಂಡಿರುವ ಮೇಡಂ ಒಬ್ಬರು ಇಂದು ನಿಮ್ಮ ಪ್ರಶ್ನೆಗಳಿಗೆ ಉತ್ತರಿಸಲಿದ್ದಾರೆ. ಕೇಳುವ ಮೊದಲು ಹಿಂದಿನ ಉತ್ತರಗಳನ್ನು ಓದಬೇಕೆಂದು ಕೋರುತ್ತೇನೆ.

ಹೊಸಬ: ಮೇಡಂ, ಡಿವ್‌ಗೆ (ಭಾಗಗಳನ್ನು ಒಟ್ಟುಗೂಡಿಸುವ ಸಾಮಾನ್ಯ ಟ್ಯಾಗ್) ಕ್ಲಿಕ್ ಜೋಡಿಸಿ, ಸಿಎಸ್‌ಎಸ್‌ನಿಂದ ಅದನ್ನು ಬಟನ್‌ನಂತೆ ಕಾಣಿಸಿದರೆ ಸಾಲದೆ? ಬಟನ್ ಎಲಿಮೆಂಟನ್ನೇ ಬಳಸಬೇಕೆಂದು ನಮ್ಮ ಹಿರಿಯರು ಪ್ರತಿ ಬಾರಿಯೂ ಕೋಡನ್ನು ಹಿಂತಿರುಗಿಸುತ್ತಿದ್ದಾರೆ.

ಉತ್ತರ: ನಿಮ್ಮ ಹಿರಿಯರು ಹೇಳುತ್ತಿರುವುದು ಸರಿ. ಬಟನ್ ಎಂದು ಬರೆದರೆ ಉಳಿದ ಕೆಲಸವನ್ನು ಬ್ರೌಸರ್ ನೋಡಿಕೊಳ್ಳುತ್ತದೆ. ಟ್ಯಾಬ್ ಒತ್ತಿದಾಗ ಫೋಕಸ್, ಅಂದರೆ ಕೀಬೋರ್ಡಿನ ಗಮನ, ಅಲ್ಲಿಗೆ ಬರುತ್ತದೆ, ಎಂಟರ್ ಒತ್ತಿದ ಕೂಡಲೇ ಮತ್ತು ಸ್ಪೇಸ್ ಒತ್ತಿ ಬಿಟ್ಟ ಮೇಲೆ ಕ್ಲಿಕ್ ನಡೆಯುತ್ತದೆ, ಸ್ಕ್ರೀನ್ ರೀಡರ್ ಅದರ ಹೆಸರಿನೊಂದಿಗೆ ಅದು ಬಟನ್ ಎಂಬುದನ್ನೂ ಹೇಳುತ್ತದೆ. ಡಿವ್ ಬಳಸಿದರೆ ಇವೆಲ್ಲವನ್ನೂ ನೀವೇ ಬರೆಯಬೇಕು. ನಾನು ನೋಡಿದ ಡಿವ್‌ಗಳಲ್ಲಿ ಹೆಚ್ಚಿನವುಗಳಲ್ಲಿ ಸ್ಪೇಸ್ ಕೀ ಬಿಟ್ಟುಹೋಗಿರುತ್ತದೆ. ಒಂದು ಎಚ್ಚರಿಕೆಯನ್ನೂ ಹೇಳಬೇಕು. ಫಾರ್ಮಿನೊಳಗಿರುವ ಬಟನ್‌ಗೆ ಟೈಪ್ ಬರೆಯದಿದ್ದರೆ ಅದು ಸಬ್‌ಮಿಟ್ ಬಟನ್ ಆಗುತ್ತದೆ. ಬೇರೆ ಕೆಲಸಕ್ಕಿರುವ ಬಟನ್ ಆದರೆ ಟೈಪ್ ಕೂಡ ಬಟನ್ ಎಂದೇ ಬರೆಯಿರಿ.

ಪುಟರಚನೆ: ಮೇಡಂ, ನಮ್ಮ ತಂಡ ಅರ್ಜಿ ತುಂಬುವ ಪುಟವೊಂದನ್ನು ಕಟ್ಟಿದೆ. ಹೆಡಿಂಗ್‌ಗಳು ಕ್ರಮವಾಗಿವೆ, ಪ್ರತಿ ಇನ್‌ಪುಟ್‌ಗೂ ಲೇಬಲ್ ಇದೆ, ಸ್ವಯಂಚಾಲಿತ ಪರೀಕ್ಷೆಯಲ್ಲಿ 100ಕ್ಕೆ 100 ಅಂಕ ಬಂದಿದೆ. ಆದರೂ ಕಣ್ಣು ಕಾಣದ ಬಳಕೆದಾರರೊಬ್ಬರು ಈ ಪುಟದಲ್ಲಿ ಏನೂ ಇಲ್ಲವೆಂದು ಎರಡು ಬಾರಿ ದೂರು ಬರೆದಿದ್ದಾರೆ. ನಾವೂ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಹಾಕಿಕೊಂಡು ನೋಡಿದೆವು. ಅದು ಪುಟವನ್ನು ಪೂರ್ತಿಯಾಗಿ ಓದಿತು. ಅವರ ಕಂಪ್ಯೂಟರಿನಲ್ಲೇ ದೋಷವಿರಬೇಕೆಂದು ಹೇಳಿ ದೂರನ್ನು ಮುಚ್ಚಿಬಿಡೋಣ ಎಂದು ತಂಡದವರು ಹೇಳುತ್ತಿದ್ದಾರೆ. ನನಗೆ ಮನಸ್ಸೊಪ್ಪುತ್ತಿಲ್ಲ.

ಉತ್ತರ: ದಯವಿಟ್ಟು ಮುಚ್ಚಬೇಡಿ. ಒಬ್ಬರೇ ವ್ಯಕ್ತಿ ಅದೇ ಮಾತನ್ನು ಎರಡು ಬಾರಿ ಬರೆದಿದ್ದಾರೆಂದರೆ ಅವರ ಕಡೆ ಅದು ಪ್ರತಿ ಬಾರಿಯೂ ಆಗುತ್ತಿದೆ ಎಂದೇ ತಿಳಿಯಬೇಕು. ನನಗೆ ಮೂರು ವಿಷಯ ತಿಳಿಸಿ. ಪುಟ ತೆರೆದ ಮೇಲೆ ಯಾವುದಾದರೂ ಸೂಚನೆಯ ಪೆಟ್ಟಿಗೆ ಮೇಲೆ ಬರುತ್ತದೆಯೆ? ಪರೀಕ್ಷಿಸುವಾಗ ನೀವು ಅದನ್ನು ಮೌಸಿನಿಂದ ಮುಚ್ಚಿದಿರೋ ಕೀಬೋರ್ಡಿನಿಂದಲೋ? ಆ ಪೆಟ್ಟಿಗೆ ತೆರೆದಾಗ ಪುಟದ ಉಳಿದ ಭಾಗದ ಆಟ್ರಿಬ್ಯೂಟ್‌ಗಳಲ್ಲಿ ಏನು ಬದಲಾಗುತ್ತದೆ?

ಹಂಚಿಕೆ: ಇಷ್ಟೆಲ್ಲ ಶ್ರಮ ಏಕೆ? ನನಗೆ ಬಂದ ಸಂದೇಶವೊಂದನ್ನು ಎಲ್ಲರ ಉಪಯೋಗಕ್ಕಾಗಿ ಹಾಕುತ್ತಿದ್ದೇನೆ: "ಪುಟದ ಕೊನೆಯಲ್ಲಿ ಈ ಒಂದು ಸಾಲಿನ ಸ್ಕ್ರಿಪ್ಟ್ ಸೇರಿಸಿರಿ, 24 ಗಂಟೆಯೊಳಗೆ ನಿಮ್ಮ ತಾಣ ಎಲ್ಲ ಮಾನದಂಡಗಳಿಗೂ ಒಳಪಡುತ್ತದೆ."

ಉತ್ತರ: ಇದನ್ನು ಯಾರೂ ಸೇರಿಸಬೇಡಿ. ಚಿತ್ರದ ಉದ್ದೇಶವೇನು, ಯಾವ ಲೇಬಲ್ ಯಾವ ಇನ್‌ಪುಟ್‌ಗೆ ಸೇರಿದ್ದು, ಯಾವ ಸಾಲು ನಿಜವಾದ ಹೆಡಿಂಗ್ ಎಂಬುದನ್ನು ಪುಟ ಬರೆದವರೇ ಹೇಳಬೇಕು. ಹೊರಗಿನ ಸ್ಕ್ರಿಪ್ಟ್ ಅದನ್ನು ಊಹಿಸಬಲ್ಲದೇ ಹೊರತು ತಿಳಿಯಲಾರದು. ಇಂಥ ಸ್ಕ್ರಿಪ್ಟ್‌ಗಳು ಬಳಕೆದಾರರ ಸ್ಕ್ರೀನ್ ರೀಡರ್‌ನ ಕೆಲಸಕ್ಕೇ ಅಡ್ಡಬಂದು, ಇದ್ದ ಅನುಕೂಲವನ್ನೂ ಕೆಡಿಸಿದ್ದನ್ನು ನಾನು ಕಂಡಿದ್ದೇನೆ.

ಅಭ್ಯಾಸಿ: ಸ್ಪ್ಯಾನ್‌ಗೆ ಕ್ಲಿಕ್ ಕೊಡಬಹುದೇ ಮೇಡಂ?

ಉತ್ತರ: ಬಟನ್ ಬಳಸಿ. ಮೇಲೆ ಬರೆದಿದ್ದೇನೆ.

ಪಟ್ಟಿ: ಲಿಸ್ಟ್-ಸ್ಟೈಲ್ (ಪಟ್ಟಿಯ ಚುಕ್ಕೆ ಗುರುತು) ತೆಗೆದರೆ ಸಫಾರಿಯಲ್ಲಿ ಆಪಲ್‌ನ ಸ್ಕ್ರೀನ್ ರೀಡರ್ ವಾಯ್ಸ್‌ಓವರ್ ಅದನ್ನು ಪಟ್ಟಿಯೆಂದೇ ಹೇಳುವುದಿಲ್ಲ. ಇದಕ್ಕೆ ಸರಿಯಾದ ಪರಿಹಾರವೇನು?

ಪುಟರಚನೆ: ಮೇಡಂ, ನೀವು ಕೇಳಿದ್ದನ್ನು ನೋಡಿದೆ. ಪುಟ ತೆರೆದ ಮೂರು ಸೆಕೆಂಡಿನ ಬಳಿಕ ಸೂಚನೆಯ ಪೆಟ್ಟಿಗೆಯೊಂದು ಬರುತ್ತದೆ. ಆಗ ಅರ್ಜಿಯನ್ನೆಲ್ಲ ಒಳಗೊಂಡ ಡಿವ್‌ಗೆ ಅರಿಯಾ-ಹಿಡನ್ ಸೇರುತ್ತದೆ. ಮೂಲೆಯ ಮುಚ್ಚುವ ಗುರುತನ್ನು ಕ್ಲಿಕ್ ಮಾಡಿದರೆ ಪೆಟ್ಟಿಗೆ ಮರೆಯಾಗಿ, ಆ ಆಟ್ರಿಬ್ಯೂಟ್ ಕೂಡ ಹೋಗುತ್ತದೆ. ಎಸ್ಕೇಪ್ ಕೀಗೆ ಬೇರೆ ಕಡೆ ಕೋಡ್ ಇದೆ. ಅದು ಪೆಟ್ಟಿಗೆಯನ್ನು ಮರೆಮಾಡುತ್ತದೆ, ಅಷ್ಟೆ. ನಾವು ಪರೀಕ್ಷಿಸಿದಾಗಲೆಲ್ಲ ಮೌಸಿನಿಂದಲೇ ಮುಚ್ಚಿದ್ದೆವು.

ಉತ್ತರ: ದೋಷ ಸಿಕ್ಕಿತು. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಕಣ್ಣಿಗೆ ಕಾಣದ ಕಾರಣಕ್ಕೇ ಇಂಥ ದೋಷಗಳು ವರ್ಷಗಟ್ಟಲೆ ಉಳಿದುಬಿಡುತ್ತವೆ.

ಬ್ರೌಸರ್ ನಿಮ್ಮ ಎಚ್‌ಟಿಎಂಎಲ್ ಓದಿ ಪರದೆಯ ಮೇಲೆ ಚಿತ್ರ ಬಿಡಿಸುವುದರ ಜೊತೆಗೆ, ಪ್ರತಿ ಎಲಿಮೆಂಟಿನ ಹೆಸರು, ಪಾತ್ರ ಮತ್ತು ಸ್ಥಿತಿಯನ್ನು ಹೇಳುವ ಇನ್ನೊಂದು ಮರವನ್ನೂ ಕಟ್ಟುತ್ತದೆ. ಸ್ಕ್ರೀನ್ ರೀಡರ್ ಓದುವುದು ಆ ಮರವನ್ನು. ಅರಿಯಾ-ಹಿಡನ್‌ಗೆ ಟ್ರೂ ಎಂದು ಕೊಟ್ಟರೆ ಆ ಮರದಿಂದ ಒಂದು ಕೊಂಬೆಯನ್ನೇ ಕಡಿದಂತಾಗುತ್ತದೆ, ಆದರೆ ಪರದೆಯ ಮೇಲೆ ಒಂದು ಚುಕ್ಕೆಯೂ ಅಲುಗುವುದಿಲ್ಲ. ನಿಮ್ಮ ಪುಟದಲ್ಲಿ ಕಡಿದುಹೋಗಿರುವ ಕೊಂಬೆಯೆಂದರೆ ಇಡೀ ಅರ್ಜಿ. ಕೀಬೋರ್ಡಿನಲ್ಲೇ ಕೆಲಸ ಮಾಡುವವರು ಪೆಟ್ಟಿಗೆಯೊಂದು ಎದುರಾದರೆ ಮೊದಲು ಒತ್ತುವುದು ಎಸ್ಕೇಪ್. ಪೆಟ್ಟಿಗೆ ಹೋಯಿತು, ಅರಿಯಾ-ಹಿಡನ್ ಮಾತ್ರ ಉಳಿಯಿತು. ಅವರು ಬಾಣದ ಕೀಗಳಿಂದ ಹುಡುಕಿದರೆ ಏನೂ ಸಿಗುವುದಿಲ್ಲ; ಹೆಡಿಂಗಿಗೆ ಹೋಗಲು ಎಚ್ ಒತ್ತಿದರೆ ಹೆಡಿಂಗೇ ಇಲ್ಲವೆಂಬ ಉತ್ತರ ಬರುತ್ತದೆ. ಇದಕ್ಕಿಂತ ಕಷ್ಟದ ಇನ್ನೊಂದು ಸಂಗತಿಯಿದೆ. ಅರಿಯಾ-ಹಿಡನ್ ಫೋಕಸನ್ನು ತಡೆಯುವುದಿಲ್ಲವಾದ್ದರಿಂದ, ಟ್ಯಾಬ್ ಒತ್ತಿದಾಗ ಫೋಕಸ್ ಆ ಅರ್ಜಿಯ ಇನ್‌ಪುಟ್‌ಗಳ ಮೇಲೆಯೇ ಓಡಾಡುತ್ತಿರುತ್ತದೆ, ಆದರೆ ತಾವು ಎಲ್ಲಿದ್ದೇವೆಂದು ಅವರಿಗೆ ಸರಿಯಾಗಿ ತಿಳಿಯುವುದಿಲ್ಲ. ಪುಟದಲ್ಲಿ ಏನೂ ಇಲ್ಲವೆಂದು ಅವರು ಬರೆದದ್ದು ಅಕ್ಷರಶಃ ನಿಜ.

ಇನ್ನು ಆ 100 ಅಂಕದ ಮಾತು. ಪರೀಕ್ಷಾ ಸಾಧನ ನೋಡಿದ್ದು ಪೆಟ್ಟಿಗೆ ಬರುವ ಮೊದಲಿನ ಪುಟವನ್ನು. ಪೆಟ್ಟಿಗೆ ತೆರೆದಿರುವಾಗ ಅದನ್ನು ಓಡಿಸಿದ್ದರೆ, ಮರೆಮಾಡಿದ ಭಾಗದಲ್ಲಿ ಫೋಕಸ್ ಪಡೆಯುವ ಎಲಿಮೆಂಟ್‌ಗಳಿವೆ ಎಂದು ಅದೇ ಸಾಧನ ಎಚ್ಚರಿಸುವ ಸಾಧ್ಯತೆಯಿತ್ತು. ಅಂಕ ಬರುವುದು ಪುಟದ ಒಂದು ಕ್ಷಣದ ಸ್ಥಿತಿಗೆ. ನಿಮ್ಮ ಬಳಕೆದಾರರು ಇದ್ದದ್ದು ಇನ್ನೊಂದು ಕ್ಷಣದಲ್ಲಿ.

ಇಂದೇ ಮಾಡಬೇಕಾದ ತಿದ್ದುಪಡಿ: ಕ್ಲಿಕ್ ಮತ್ತು ಎಸ್ಕೇಪ್ ಎರಡೂ ಒಂದೇ ಫಂಕ್ಷನ್ ಕರೆಯಲಿ. ಬಳಿಕ ಆ ಕೋಡನ್ನೇ ತೆಗೆದು ಡೈಲಾಗ್ ಎಲಿಮೆಂಟ್ ಬಳಸಿ, ಅದನ್ನು ಶೋಮೋಡಲ್ ಮೂಲಕ ತೆರೆಯಿರಿ. 2022ರ ಮಾರ್ಚ್‌ನಿಂದ ಎಲ್ಲ ಪ್ರಮುಖ ಬ್ರೌಸರ್‌ಗಳ ಹೊಸ ಆವೃತ್ತಿಗಳಲ್ಲೂ ಅದಿದೆ. ಪುಟದ ಉಳಿದ ಭಾಗವನ್ನು ನಿಷ್ಕ್ರಿಯಗೊಳಿಸುವುದು, ಎಸ್ಕೇಪ್ ಒತ್ತಿದರೆ ಮುಚ್ಚುವುದು, ಮುಚ್ಚಿದ ಮೇಲೆ ಫೋಕಸನ್ನು ಹಿಂದೆ ಇದ್ದಲ್ಲಿಗೇ ಮರಳಿಸುವುದು, ಇವೆಲ್ಲ ಬ್ರೌಸರಿನ ಹೊಣೆಯಾಗುತ್ತವೆ. ಓಪನ್ ಆಟ್ರಿಬ್ಯೂಟನ್ನು ಕೈಯಿಂದ ಸೇರಿಸಿ ತೆರೆದರೆ ಉಳಿದ ಪುಟ ನಿಷ್ಕ್ರಿಯವಾಗುವುದಿಲ್ಲ ಎಂಬುದು ನೆನಪಿರಲಿ. ಡೈಲಾಗ್ ಬರುವ ಮೊದಲು ಅರಿಯಾ-ಹಿಡನ್ ಬಳಸುವುದೇ ರೂಢಿಯಾಗಿತ್ತು, ಆದ್ದರಿಂದ ಆ ಕೋಡ್ ಬರೆದವರನ್ನು ನಾನು ದೂರುವುದಿಲ್ಲ. ಆದರೆ ಬರಿಯ ಸೂಚನೆಯೊಂದಕ್ಕಾಗಿ ಅರ್ಜಿ ತುಂಬುತ್ತಿರುವವರನ್ನು ಮೂರನೆಯ ಸೆಕೆಂಡಿನಲ್ಲಿ ತಡೆದು ನಿಲ್ಲಿಸಬೇಕೆ ಎಂಬುದನ್ನೂ ತಂಡದಲ್ಲಿ ಕೇಳಿ. ಆ ಸೂಚನೆ ಅರ್ಜಿಯ ಮೇಲ್ಭಾಗದಲ್ಲಿ ಒಂದು ಪ್ಯಾರಾ ಆಗಿದ್ದಿದ್ದರೆ ಈ ದೋಷವೇ ಹುಟ್ಟುತ್ತಿರಲಿಲ್ಲ.

ಚೌಕಟ್ಟು: ಇವೆಲ್ಲ ಕೈಯಿಂದ ಪುಟ ಬರೆಯುತ್ತಿದ್ದ ಕಾಲದ ಸಮಸ್ಯೆಗಳು. ಈಗ ಎಲ್ಲವೂ ಫ್ರೇಮ್‌ವರ್ಕಿನಿಂದ (ಪುಟ ಕಟ್ಟಲು ಬಳಸುವ ಸಿದ್ಧ ಕೋಡು) ಬರುತ್ತದೆ, ಅದು ಡಿವ್‌ಗಳನ್ನೇ ಕೊಡುತ್ತದೆ. ಟ್ಯಾಗಿನ ಅರ್ಥದ ಚರ್ಚೆಗೆ ಈಗ ಬೆಲೆಯಿಲ್ಲ.

ಕೋನಾವರಣ: ಡಿವ್ ಕೊಡುವುದು ಫ್ರೇಮ್‌ವರ್ಕ್ ಅಲ್ಲ, ನೀವು. ರಿಯಾಕ್ಟ್‌ನಲ್ಲಿ ಬಟನ್ ಎಂದು ಬರೆದರೆ ಪುಟಕ್ಕೆ ಬಟನ್ನೇ ಬರುತ್ತದೆ. ಅಲ್ಲದೆ ಮಾನದಂಡದ ಪ್ರಕಾರ ಪ್ರತಿ ಸೆಕ್ಷನ್‌ನಲ್ಲೂ ಎಚ್1 ಬಳಸಬಹುದು, ಮಟ್ಟವನ್ನು ಬ್ರೌಸರ್ ತಾನೇ ಲೆಕ್ಕ ಹಾಕುತ್ತದೆ. ಇಂಥ ಅನುಕೂಲವನ್ನು ಬಿಟ್ಟು ಡಿವ್ ಹಿಡಿದುಕೊಂಡಿದ್ದೀರಿ.

ಚೌಕಟ್ಟು: ಯಾವ ಮಾನದಂಡ? ಡಬ್ಲ್ಯೂ3ಸಿಯದೋ ವಾಟ್‌ಡಬ್ಲ್ಯೂಜಿಯದೋ? ಮೊದಲು ಅದನ್ನು ತಿಳಿದುಕೊಂಡು ಬನ್ನಿ.

ಕೋನಾವರಣ: 2014ರಲ್ಲಿ ಡಬ್ಲ್ಯೂ3ಸಿ ಶಿಫಾರಸು ಮಾಡಿದ ಎಚ್‌ಟಿಎಂಎಲ್5. ಓದಿದ್ದೀರಾ?

ಉತ್ತರ: ಇಬ್ಬರೂ ಸ್ವಲ್ಪ ತಡೆಯಿರಿ. ವೆಬ್ ಮಾನದಂಡ ರೂಪಿಸುವ ಈ ಎರಡು ಸಂಸ್ಥೆಗಳ ನಡುವಿನ 2019ರ ಒಪ್ಪಂದದ ಬಳಿಕ ಎಚ್‌ಟಿಎಂಎಲ್‌ನ ಅಧಿಕೃತ ಪಠ್ಯ ಒಂದೇ; ವಾಟ್‌ಡಬ್ಲ್ಯೂಜಿ ನಿರಂತರವಾಗಿ ಪರಿಷ್ಕರಿಸುತ್ತಿರುವ ಪಠ್ಯ ಅದು. ಸೆಕ್ಷನ್‌ನ ಆಳ ನೋಡಿ ಹೆಡಿಂಗಿನ ಮಟ್ಟ ಲೆಕ್ಕ ಹಾಕುವ ವಿಧಾನ ಕಾಗದದ ಮೇಲಷ್ಟೇ ಇತ್ತು. ಸ್ಕ್ರೀನ್ ರೀಡರ್‌ಗಳಿಗೆ ಅಂಥ ಮಟ್ಟವನ್ನು ಬ್ರೌಸರ್‌ಗಳು ತಿಳಿಸುವ ದಿನ ಬರಲೇ ಇಲ್ಲ, 2022ರಲ್ಲಿ ಅದನ್ನು ಪಠ್ಯದಿಂದಲೇ ತೆಗೆದರು. ಆದ್ದರಿಂದ ಕೋನಾವರಣ ಅವರೇ, ನೀವು ಹೇಳಿದ್ದನ್ನು ಯಾರೂ ಪಾಲಿಸಬಾರದು. ಎಚ್1ರಿಂದ ಎಚ್6ರ ವರೆಗಿನ ಮಟ್ಟವನ್ನು ನಾವೇ ಸರಿಯಾಗಿ ಬರೆಯಬೇಕು. ಹೆಸರು ಕೊಡದ ಸೆಕ್ಷನ್ ಸ್ಕ್ರೀನ್ ರೀಡರ್‌ಗೆ ಡಿವ್‌ಗಿಂತ ಹೆಚ್ಚೇನನ್ನೂ ಹೇಳುವುದಿಲ್ಲ. ಚೌಕಟ್ಟು ಅವರೇ, ಫ್ರೇಮ್‌ವರ್ಕಿನ ಬಗ್ಗೆ ಅವರು ಹೇಳಿದ್ದು ಮಾತ್ರ ಸಂಪೂರ್ಣ ನಿಜ.

ಕೋನಾವರಣ: ತಿದ್ದಿದ್ದಕ್ಕೆ ಧನ್ಯವಾದಗಳು ಮೇಡಂ. ಒಪ್ಪುತ್ತೇನೆ.

ಹಂಚಿಕೆ: ಇನ್ನೊಂದು ಸಂದೇಶ ಬಂದಿದೆ. ಎಲ್ಲ ಟ್ಯಾಗ್‌ಗಳಿಗೂ ರೋಲ್ ಬರೆದು, 1ರಿಂದ ಕ್ರಮವಾಗಿ ಟ್ಯಾಬ್‌ಇಂಡೆಕ್ಸ್ ಕೊಟ್ಟು, ಮೆಟಾ ಕೀವರ್ಡ್ಸ್ ತುಂಬಿದರೆ ಸ್ಕ್ರೀನ್ ರೀಡರಿಗೂ ಗೂಗಲ್‌ಗೂ ಅನುಕೂಲವಂತೆ.

ಉತ್ತರ: ಮೂರೂ ತಪ್ಪು. ಎಚ್‌ಟಿಎಂಎಲ್‌ನಲ್ಲಿ ತಕ್ಕ ಎಲಿಮೆಂಟ್ ಇದ್ದರೆ ಅದನ್ನೇ ಬಳಸಬೇಕೆಂಬುದು ಅರಿಯಾ (ಸ್ಕ್ರೀನ್ ರೀಡರ್‌ಗಳಿಗೆ ಪಾತ್ರ, ಸ್ಥಿತಿ ತಿಳಿಸುವ ಆಟ್ರಿಬ್ಯೂಟ್‌ಗಳು) ಬಳಕೆಯ ಮೊದಲ ನಿಯಮ. ಸೊನ್ನೆಗಿಂತ ಹೆಚ್ಚಿನ ಟ್ಯಾಬ್‌ಇಂಡೆಕ್ಸ್ ಕೊಟ್ಟ ಎಲಿಮೆಂಟ್‌ಗಳಿಗೆ ಉಳಿದೆಲ್ಲಕ್ಕಿಂತ ಮೊದಲು ಫೋಕಸ್ ಹೋಗುತ್ತದೆ. ನಾಳೆ ಪುಟಕ್ಕೆ ಒಂದು ಲಿಂಕ್ ಸೇರಿಸಿದರೆ ಇಡೀ ಕ್ರಮ ಕೆಡುತ್ತದೆ. ಮೆಟಾ ಕೀವರ್ಡ್ಸ್ ಅನ್ನು ಶ್ರೇಯಾಂಕಕ್ಕೆ ಪರಿಗಣಿಸುವುದಿಲ್ಲವೆಂದು ಗೂಗಲ್ 2009ರಲ್ಲೇ ಹೇಳಿದೆ. ಎಲ್ಲಿಂದಲೋ ಬಂದ ಸಂದೇಶಗಳನ್ನು ಪರೀಕ್ಷಿಸದೆ ಇಲ್ಲಿಗೆ ತರಬೇಡಿ. ಅದನ್ನು ನಂಬಿ ಯಾರೋ ಒಬ್ಬ ಹೊಸಬರು ಕೋಡ್ ಬರೆಯುತ್ತಾರೆ, ಇನ್ಯಾರೋ ಅದರ ಮುಂದೆ ಕುಳಿತು ಒದ್ದಾಡುತ್ತಾರೆ.

ಹಂಚಿಕೆ: ಒಳ್ಳೆಯದಾಗಲೆಂದೇ ಹಾಕಿದ್ದು. ಇಷ್ಟು ಕಟುವಾಗಿ ಹೇಳಬೇಕಾಗಿರಲಿಲ್ಲ.

ಲಿಪಿ: ಮೇಡಂ, ನಮ್ಮ ಪುಟ ಪೂರ್ತಿ ಕನ್ನಡದಲ್ಲಿದೆ. ಸ್ಕ್ರೀನ್ ರೀಡರ್ ಕೆಲವೆಡೆ ಮೌನವಾಗುತ್ತದೆ, ಅಂಕಿಗಳನ್ನು ಮಾತ್ರ ಇಂಗ್ಲಿಷಿನಲ್ಲಿ ಓದುತ್ತದೆ.

ಉತ್ತರ: ಎಚ್‌ಟಿಎಂಎಲ್ ಟ್ಯಾಗಿನಲ್ಲಿ ಲ್ಯಾಂಗ್ (ಭಾಷೆಯ ಗುರುತು) ಏನೆಂದು ಬರೆದಿದೆ ನೋಡಿ. ಮಾದರಿ ಕಡತದಿಂದ ಬಂದ 'ಇಎನ್' ಹಾಗೆಯೇ ಉಳಿದಿರಬಹುದು. ಅದನ್ನು 'ಕೆಎನ್' ಮಾಡಿ. ಆ ಗುರುತನ್ನು ನೋಡಿಯೇ ಸ್ಕ್ರೀನ್ ರೀಡರ್ ಧ್ವನಿಯನ್ನು ಆರಿಸುವುದು; ಇಂಗ್ಲಿಷ್ ಧ್ವನಿಯ ಕೈಗೆ ಕನ್ನಡದ ಅಕ್ಷರ ಕೊಟ್ಟರೆ ಅದು ಹಾರಿಸಿಬಿಡಬಹುದು. ನಡುವೆ ಇಂಗ್ಲಿಷ್ ವಾಕ್ಯ ಬಂದರೆ ಆ ಭಾಗಕ್ಕೆ ಪ್ರತ್ಯೇಕವಾಗಿ ಲ್ಯಾಂಗ್ ಬರೆಯಿರಿ. ಓದುಗರ ಸಾಧನದಲ್ಲಿ ಕನ್ನಡದ ಧ್ವನಿಯೂ ಇರಬೇಕು; ಎನ್‌ವಿಡಿಎ ಜೊತೆಗೆ ಬರುವ ಇಸ್ಪೀಕ್ ಧ್ವನಿ ತಂತ್ರಾಂಶದಲ್ಲಿ ಅದಿದೆ.

ಪತ್ರಕ: ಇಮೇಲ್ ಟೆಂಪ್ಲೇಟ್‌ಗಳಲ್ಲಿ ವಿನ್ಯಾಸಕ್ಕೆ ಟೇಬಲ್ ಬಳಸದೆ ವಿಧಿಯಿಲ್ಲ. ಅಲ್ಲಿ ಏನು ಮಾಡಬೇಕು?

ಬಣ್ಣ: ಪ್ಲೇಸ್‌ಹೋಲ್ಡರ್ (ಇನ್‌ಪುಟ್‌ನೊಳಗಿನ ಮಸುಕು ಸೂಚನೆ) ಇದ್ದರೆ ಲೇಬಲ್ ಬೇಕೆ? ತಿಳಿ ಬೂದು ಬಣ್ಣ ನಡೆಯುತ್ತದೆಯೆ?

ಉತ್ತರ: ಲೇಬಲ್ ಬೇಕು. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1 ವ್ಯತ್ಯಾಸವಿರಲಿ, ದೊಡ್ಡ ಅಕ್ಷರಕ್ಕೆ 3:1.

ಅಭ್ಯಾಸಿ: ಲಿಂಕಿನ ಎಲಿಮೆಂಟ್‌ಗೆ ಎಚ್‌ರೆಫ್ (ಲಿಂಕಿನ ವಿಳಾಸ) ಇಲ್ಲದೆ ಕ್ಲಿಕ್ ಕೊಟ್ಟರೆ?

ಉತ್ತರ: ಬಟನ್.

ಚೌಕಟ್ಟು: ನನ್ನ ಮುಖ್ಯ ಪ್ರಶ್ನೆಗೆ ಉತ್ತರ ಬಂದಿಲ್ಲ. ಹೀಗೆ ಕಣ್ಣು ಕಾಣದೆ ಬಳಸುವವರು ನಮ್ಮ ತಾಣದಲ್ಲಿ ಎಷ್ಟು ಮಂದಿ? ನಮ್ಮ ಅಂಕಿಅಂಶದಲ್ಲಿ ಒಬ್ಬರೂ ಕಾಣುವುದಿಲ್ಲ. ಇಲ್ಲದವರಿಗಾಗಿ ಕೆಲಸ ಮಾಡಬೇಕೆ?

ಕೋನಾವರಣ: ಸ್ಕ್ರೀನ್ ರೀಡರ್ ಬಳಸುತ್ತಿದ್ದಾರೆಂಬುದನ್ನು ಬ್ರೌಸರ್ ತಾಣಕ್ಕೆ ಹೇಳುವುದೇ ಇಲ್ಲ. ಬಾಗಿಲು ಹಾಕಿಕೊಂಡು, ಯಾರೂ ಒಳಗೆ ಬರುತ್ತಿಲ್ಲ ಎನ್ನುತ್ತಿದ್ದೀರಿ.

ಚೌಕಟ್ಟು: ಉಪದೇಶ ಬೇಡ. ಹೆಡಿಂಗಿನ ವಿಷಯದಲ್ಲಿ ತಪ್ಪು ಹೇಳಿದವರು ನೀವು.

ಕೋನಾವರಣ: ತಪ್ಪನ್ನು ಒಪ್ಪಿಕೊಂಡೆ. ನೀವು ಇಲ್ಲಿಯವರೆಗೆ ಒಂದನ್ನಾದರೂ ಒಪ್ಪಿದ್ದೀರಾ?

ಸಂಚಾಲಕರು: ಇಬ್ಬರೂ ಇಲ್ಲಿಗೆ ನಿಲ್ಲಿಸಿ. ಮುಂದಿನ ವೈಯಕ್ತಿಕ ಮಾತನ್ನು ಅಳಿಸಲಾಗುವುದು.

ಉತ್ತರ: ಎಷ್ಟು ಮಂದಿ ಎಂಬ ಪ್ರಶ್ನೆಗೆ ಮೇಲಿನ ಅರ್ಜಿಯ ಪ್ರಸಂಗವೇ ನನ್ನ ಉತ್ತರ. ಅಲ್ಲಿ ಬರೆದವರು ಒಬ್ಬರು. ಬರೆಯದೆ ಹಿಂತಿರುಗಿದವರನ್ನು ಯಾವ ಅಂಕಿಅಂಶವೂ ತೋರಿಸುವುದಿಲ್ಲ. ಇದರ ಮೇಲೆ ನಾನು ಇನ್ನು ವಾದಿಸುವುದಿಲ್ಲ.

ಪಟ್ಟಿ: ಸಫಾರಿಯ ಬಗ್ಗೆ ಆಗಲೇ ಕೇಳಿದ್ದೆ. ಜಗಳಕ್ಕೆ ಉತ್ತರವಿದೆ, ಪ್ರಶ್ನೆಗೆ ಇಲ್ಲ.

ಪುಟರಚನೆ: ಮೇಡಂ, ಎಸ್ಕೇಪ್‌ನ ದಾರಿಯನ್ನು ಸರಿಪಡಿಸಿ ಆ ಬಳಕೆದಾರರಿಗೆ ಬರೆದೆವು. ಪುಟ ಈಗ ಪೂರ್ತಿ ಓದುತ್ತಿದೆಯಂತೆ. ಆದರೆ ಸಲ್ಲಿಸುವ ಬಟನ್ ಒತ್ತಿದ ಮೇಲೆ ಏನಾಯಿತೆಂದೇ ತಿಳಿಯುವುದಿಲ್ಲ ಎಂದಿದ್ದಾರೆ. ತಪ್ಪು ತುಂಬಿದ ಇನ್‌ಪುಟ್‌ನ ಅಂಚನ್ನು ನಾವು ಕೆಂಪು ಮಾಡುತ್ತೇವೆ.

ಉತ್ತರ: ಅವರು ಮತ್ತೆ ಬರೆದದ್ದು ನನಗೆ ಸಂತೋಷ ತಂದಿದೆ. ಕೆಂಪು ಅಂಚು ಅವರನ್ನು ತಲುಪುವುದಿಲ್ಲ, ಬಣ್ಣ ಗುರುತಿಸಲಾಗದ ಇತರರಿಗೂ ತಲುಪದಿರಬಹುದು. ಏನು ತಪ್ಪಾಗಿದೆ, ಹೇಗೆ ಸರಿಪಡಿಸಬೇಕು ಎಂಬುದನ್ನು ಪ್ರತಿ ಇನ್‌ಪುಟ್‌ನ ಪಕ್ಕದಲ್ಲೇ ಮಾತಿನಲ್ಲಿ ಬರೆದು, ಆ ಸಾಲಿನ ಐಡಿಯನ್ನು ಇನ್‌ಪುಟ್‌ನ ಅರಿಯಾ-ಡಿಸ್ಕ್ರೈಬ್ಡ್‌ಬೈ ಆಟ್ರಿಬ್ಯೂಟ್‌ಗೆ ಕೊಡಿ, ಜೊತೆಗೆ ಅರಿಯಾ-ಇನ್‌ವ್ಯಾಲಿಡ್ ಸೇರಿಸಿ. ಸಲ್ಲಿಸಿದಾಗ ತಪ್ಪಿದ್ದರೆ ಫೋಕಸನ್ನು ಮೊದಲ ತಪ್ಪಿನ ಇನ್‌ಪುಟ್‌ಗೆ ಒಯ್ಯಿರಿ. ಆಗ ಲೇಬಲ್, ತಪ್ಪಿದೆ ಎಂಬ ಸೂಚನೆ, ವಿವರ ಮೂರನ್ನೂ ಒಟ್ಟಿಗೆ ಕೇಳುತ್ತಾರೆ. ಪ್ರತಿ ಅಕ್ಷರ ಒತ್ತಿದಾಗಲೂ ಎಚ್ಚರಿಕೆ ಮೊಳಗಿಸಬೇಡಿ, ಅವರು ಬರೆಯುತ್ತಿರುವುದೇ ಅವರಿಗೆ ಕೇಳದಂತಾಗುತ್ತದೆ. ಎಲ್ಲವೂ ಸರಿಯಿದ್ದು ಅರ್ಜಿ ಸಲ್ಲಿಕೆಯಾದರೆ ಹೊಸ ಪುಟಕ್ಕೆ ಕರೆದೊಯ್ದು, ಅರ್ಜಿ ಸಲ್ಲಿಕೆಯಾಗಿದೆ ಎಂಬ ಮಾತನ್ನು ಪುಟದ ಟೈಟಲ್‌ನಲ್ಲೂ ಎಚ್1ನಲ್ಲೂ ಇಡಿ. ಇಷ್ಟು ಮಾಡಿದ ಮೇಲೆ ಮೌಸನ್ನು ಕಂಪ್ಯೂಟರಿನಿಂದ ಕಳಚಿಟ್ಟು, ಬೇಕೆಂದೇ ಎರಡು ತಪ್ಪು ಮಾಡಿ, ಮೊದಲಿನಿಂದ ಕೊನೆಯವರೆಗೆ ಒಮ್ಮೆ ಅರ್ಜಿ ತುಂಬಿ ನೋಡಿ.