ಅಮೆರಿಕದಲ್ಲಿ ಎಂಎಸ್: ಬಿಗ್ ಟೆನ್, ಎಸ್‌ಇಸಿ ಅಂತ ನೋಡಿ ಕಾಲೇಜು ಆರಿಸಬೇಕಾ?

ಸಿಂಧನೂರು ಹುಡುಗಿ:
ಎಲ್ಲರಿಗೂ ನಮಸ್ಕಾರ. ರಾಯಚೂರು ಕೃಷಿ ವಿವಿಯಲ್ಲಿ ಬಿಎಸ್ಸಿ ಕೊನೆಯ ವರ್ಷದಲ್ಲಿದ್ದೇನೆ. ನಮ್ಮ ಹೊಲ ತುಂಗಭದ್ರಾ ಎಡದಂಡೆ ಕಾಲುವೆ ಕೆಳಗೆ ಬರುತ್ತೆ. ತಗ್ಗಿನ ಕಡೆ ಪೂರ್ತಿ ಸವಳು. ಬೇಸಿಗೆಯಲ್ಲಿ ಮಣ್ಣಿನ ಮೇಲೆ ಬೆಳ್ಳಗೆ ಪುಡಿ ಏಳುತ್ತೆ, ನೆಲ್ಲು ಹಚ್ಚಿದರೆ ಎಲೆ ತುದಿಯಿಂದ ಸುಟ್ಟ ಹಾಗೆ ಒಣಗುತ್ತೆ. ಅದಕ್ಕೇ ಮಣ್ಣು ವಿಜ್ಞಾನದಲ್ಲಿ ಎಂಎಸ್ ಮಾಡುವ ಆಸೆ. ಪರ್ಡ್ಯೂ, ನೆಬ್ರಾಸ್ಕಾ, ಟೆಕ್ಸಸ್ ಎ ಅಂಡ್ ಎಂ, ಈ ಮೂರು ನೋಡಿದ್ದೇನೆ. ಮೊದಲೆರಡು ಬಿಗ್ ಟೆನ್‌ನವು, ಕೊನೆಯದು ಎಸ್‌ಇಸಿಯದು. ಶಿಕಾಗೋದಲ್ಲಿರುವ ಕಾಕಾನ ಮಗ, "ಬಿಗ್ ಟೆನ್ ಬಿಟ್ಟು ಬೇರೆ ನೋಡಬೇಡ, ಎಸ್‌ಇಸಿಯವರದ್ದು ಬರೀ ಫುಟ್‌ಬಾಲ್, ಓದು ಅಷ್ಟಕ್ಕಷ್ಟೆ" ಅಂತಾನೆ. ಇದು ಆಟದ ಲೀಗಾ, ಓದಿನ ದರ್ಜೆನಾ? ಅಪ್ಪ ಸಾಲ ಮಾಡೋಕೆ ತಯಾರಾಗಿದ್ದಾರೆ. ಸುಮ್ನೆ ಕೇಳ್ತಿಲ್ಲ.

ತೋರಣಗಲ್ಲು ತಮ್ಮ:
ಎರಡೂ ಮೂಲದಲ್ಲಿ ಕಾಲೇಜು ತಂಡಗಳ ಆಟದ ಲೀಗ್. ಬಿಗ್ ಟೆನ್ 1896ರದ್ದು, ಎಸ್‌ಇಸಿ 1932ರದ್ದು. ಆದರೆ ನಿಮ್ಮ ಅಣ್ಣ ಹೇಳಿದ್ದು ಪೂರ್ತಿ ಗಾಳಿಮಾತಲ್ಲ. ದೊಡ್ಡ ಸಂಶೋಧನಾ ವಿವಿಗಳ ಎಎಯು ಅಂತ ಒಂದು ಕೂಟ ಇದೆ, 1900ರಲ್ಲಿ ಶುರುವಾಗಿದ್ದು. ಬಿಗ್ ಟೆನ್‌ನ (ಹೆಸರಷ್ಟೇ ಟೆನ್) 18 ವಿವಿಗಳಲ್ಲಿ ನೆಬ್ರಾಸ್ಕಾ ಒಂದು ಬಿಟ್ಟು ಉಳಿದವೆಲ್ಲ ಅದರಲ್ಲಿವೆ. ಎಸ್‌ಇಸಿಯ 16ರಲ್ಲಿ ಐದೇ ಐದು. ಜೊತೆಗೆ ಬಿಗ್ ಟೆನ್‌ನವರು 1958ರಿಂದ ಓದಿನ ವಿಷಯದಲ್ಲೂ ಒಟ್ಟಾಗಿದ್ದಾರೆ, ಲೈಬ್ರರಿ ಪುಸ್ತಕ ಕೂಡ ಹಂಚಿಕೊಳ್ತಾರೆ. ಎಸ್‌ಇಸಿಯವರು ಇದಕ್ಕೆ ಉತ್ತರವಾಗಿ 2006ರಿಂದ 2012ರವರೆಗೆ ಸತತ ಏಳು ಸಲ ಫುಟ್‌ಬಾಲ್ ಚಾಂಪಿಯನ್ ಆಗಿದ್ದನ್ನು ತೋರಿಸ್ತಾರೆ. ಜಗಳ ಮುಗಿಯೋದೇ ಇಲ್ಲ.

ಬಳ್ಳಾರಿ ಮಣ್ಣಕ್ಕ:
ತಂಗೀ, ನಾನು ಎಂಎಸ್ ಮಾಡಿದ್ದು ಟೆಕ್ಸಸ್ ಎ ಅಂಡ್ ಎಂನಲ್ಲೇ. ಈಗ ಬಳ್ಳಾರಿಯಲ್ಲಿ ಮಣ್ಣು ಪರೀಕ್ಷೆ ಲ್ಯಾಬ್ ನಡೆಸ್ತೀನಿ. ಫುಟ್‌ಬಾಲ್ ಹುಚ್ಚು ಅನ್ನೋದು ಖರೇನೇ. ಮ್ಯಾಚ್ ಇರೋ ಶನಿವಾರ ಲಕ್ಷ ಜನ ಹಿಡಿಸೋ ಸ್ಟೇಡಿಯಂ ತುಂಬುತ್ತೆ, ವಿದ್ಯಾರ್ಥಿಗಳು ಆಟ ಮುಗಿಯೋವರೆಗೂ ನಿಂತೇ ನೋಡ್ತಾರೆ. ಮಣ್ಣಿನ ಸ್ಯಾಂಪಲ್ ಒಲೆಯಲ್ಲಿಟ್ಟು ನಾವೂ ಹೋಗ್ತಿದ್ವಿ. ಆದರೆ ನಾನು ಅಲ್ಲಿದ್ದಾಗಲೇ, 2012ರಲ್ಲಿ, ಎ ಅಂಡ್ ಎಂ ಬಿಗ್ 12 ಅನ್ನೋ ಇನ್ನೊಂದು ಲೀಗ್ ಬಿಟ್ಟು ಎಸ್‌ಇಸಿಗೆ ಸೇರಿತು. ನಮ್ಮ ಲ್ಯಾಬಿನಲ್ಲಿ ಒಂದು ಬೀಕರ್ ಕೂಡ ಬದಲಾಗಲಿಲ್ಲ. ಅದೇ ಗೈಡ್, ಅದೇ ಪ್ರಾಜೆಕ್ಟ್. ಲಾಸ್ ಏಂಜಲೀಸ್‌ನ ಯುಎಸ್‌ಸಿ, ಯುಸಿಎಲ್‌ಎ 2024ರಲ್ಲಿ ಬಿಗ್ ಟೆನ್‌ಗೆ ಬಂದವಲ್ಲ, ಅವು ಲೈಬ್ರರಿಗಾಗಿ ಬಂದವಾ? ಟಿವಿ ದುಡ್ಡಿಗೆ ಬಂದವು.

ನೆಬ್ರಾಸ್ಕಾ ಕಥೆ ನಿನಗೆ ಗೊತ್ತಿರಲೇಬೇಕು. 2011ರಲ್ಲಿ ಬಿಗ್ ಟೆನ್‌ಗೆ ಬಂತು, ಅದೇ ವರ್ಷ ಎಎಯು ಅದನ್ನು ವೋಟ್ ಹಾಕಿ ಹೊರಗಟ್ಟಿತು. ಯಾಕೆ? ಅಮೆರಿಕದ ಕೃಷಿ ಇಲಾಖೆ ಕೊಡೋ ಸಂಶೋಧನೆ ಹಣಕ್ಕೆ ಎಎಯು ಲೆಕ್ಕದಲ್ಲಿ ಬೆಲೆ ಕಮ್ಮಿ. ಮೆಡಿಕಲ್ ಕಾಲೇಜು ಬೇರೆ ಆಡಳಿತದಲ್ಲಿದ್ದರಿಂದ ಅದೂ ಲೆಕ್ಕಕ್ಕೆ ಬರಲಿಲ್ಲ. ಅಂದರೆ ಯಾವ ಕೆಲಸಕ್ಕೆ ನೀನು ಹೋಗಬೇಕು ಅಂತಿದ್ದೀಯೋ, ಆ ಕೆಲಸ ಜಾಸ್ತಿ ಮಾಡಿದ್ದಕ್ಕೇ ಅವರಿಗೆ ಅಂಕ ಕಡಿಮೆಯಾಯ್ತು! ನನಗೆ ಇವತ್ತಿಗೂ ಸಿಟ್ಟು ಬರುತ್ತೆ. ತೋರಣಗಲ್ಲಿನ ತಮ್ಮ ಕೊಟ್ಟ ಪಟ್ಟಿ ಸರಿ ಇದೆ, ಆದರೆ ಸವಳು ಮಣ್ಣಿನವಳಿಗೆ ಅದು ದಾರಿ ತೋರಿಸೋದಿಲ್ಲ.

ಹಸಿರು ಕ್ರಾಂತಿಯ ವಿಜ್ಞಾನಿ ಬೋರ್ಲಾಗ್ ಓದಿದ್ದು, ಕುಸ್ತಿ ಆಡಿದ್ದು ಬಿಗ್ ಟೆನ್‌ನ ಮಿನ್ನೆಸೋಟದಲ್ಲಿ. 1984ರಿಂದ ಕೊನೆಯವರೆಗೂ ಪಾಠ ಮಾಡಿದ್ದು ಎ ಅಂಡ್ ಎಂನಲ್ಲಿ. ಅವರನ್ನು ಯಾವ ಕಡೆಗೆ ಸೇರಿಸ್ತೀರಿ?

ಮೂರೂ ಕಡೆ ಸವಳು ಮಣ್ಣಿನ ಮೇಲೆ ಈಗ ಕೆಲಸ ಮಾಡ್ತಿರೋ ಪ್ರೊಫೆಸರ್ ಯಾರಿದ್ದಾರೆ ಹುಡುಕು. ಅವರಿಗೆ ನೇರ ಮೇಲ್ ಮಾಡು. ಅಸಿಸ್ಟೆಂಟ್‌ಶಿಪ್ ಕೇಳು, ಅಂದರೆ ಓದುತ್ತಲೇ ವಿವಿಯಲ್ಲಿ ಸಂಶೋಧನೆ ಅಥವಾ ಪಾಠದ ಸಹಾಯಕಿ ಕೆಲಸ. ಅದು ಸಿಕ್ಕರೆ ಸಾಮಾನ್ಯವಾಗಿ ಫೀಸಿನ ಹೊರೆ ಇಳಿಯುತ್ತೆ, ತಿಂಗಳಿಗೆ ಸ್ಟೈಪೆಂಡ್ ಬರುತ್ತೆ. ಅದಿಲ್ಲದೆ ಅಪ್ಪನ ಹತ್ತಿರ ಸಾಲ ಮಾಡಿಸಬೇಡ, ಯಾವ ಲೀಗ್ ಆದ್ರೂ ಸರಿ.

ಗಂಗಾವತಿ ಮೇಷ್ಟ್ರು:
ಒಂದು ಮಾತು ಸೇರಿಸ್ತೀನಮ್ಮ. 1964ರಲ್ಲಿ ಬೆಂಗಳೂರು ಕೃಷಿ ವಿವಿ ಶುರುವಾದಾಗ ಜೊತೆಗೆ ನಿಂತಿದ್ದು ಟೆನೆಸೀ ವಿವಿ. ಬೆಂಗಳೂರಿನದರಿಂದ ಧಾರವಾಡದ್ದು ಬೇರೆಯಾಯ್ತು, ಧಾರವಾಡದಿಂದ ನಿಮ್ಮ ರಾಯಚೂರಿನದ್ದು. ಟೆನೆಸೀ ಮೊದಲ ದಿನದಿಂದ ಎಸ್‌ಇಸಿ. ಅಲ್ಲಿ ಓದು ಇಲ್ಲ ಅಂದ್ರೆ ನಾವೆಲ್ಲ ಕಲಿತದ್ದು ಏನು? ಮೇಲ್ ಬರೆಯೋ ಮೊದಲು ನಮ್ಮ ಗಂಗಾವತಿ ಸಂಶೋಧನಾ ಕೇಂದ್ರಕ್ಕೆ ಬಂದು ಹೋಗು. ಸವಳು ಮಣ್ಣಿನ ಕೆಲಸ ಇಲ್ಲೇ ನಡೆಯುತ್ತೆ.

ಸಿಂಧನೂರು ಹುಡುಗಿ:
ಮೇಷ್ಟ್ರೇ, ಈ ವಾರವೇ ಬರ್ತೀನಿ. ಅಕ್ಕ, ನಮ್ಮ ಹೊಲದ ಮಣ್ಣಿನ ರಿಪೋರ್ಟ್ ಇದೆ. ಮೇಲ್ ಜೊತೆ ಅದನ್ನೂ ಹಾಕಬಹುದಾ?

ಬಳ್ಳಾರಿ ಮಣ್ಣಕ್ಕ:
ಹಾಕು. ಮೊದಲ ಸಾಲಲ್ಲೇ ಹೊಲದ ವಿಷಯ ಬರಲಿ, ಅಂಕಪಟ್ಟಿ ಆಮೇಲೆ. ಕಳಿಸೋ ಮೊದಲು ನನಗೊಮ್ಮೆ ತೋರಿಸು.