ಅಪ್‌ಡೇಟ್: ಅಮ್ಮನ ಚಿನ್ನದ ಜಿಂಕೆ ಸಿಕ್ಕಿತು

ಕೇರಳದ ಕಾಸರಗೋಡು ಕಡೆಯ ಬದಿಯಡ್ಕದ ಹತ್ತಿರದ ಶಾಲೆಯ ಅಂಗಳದಲ್ಲಿ ಬಿಳಿ ಬಟ್ಟೆ ಕಟ್ಟಿ, ಸರ್ಕಾರದ ಜೀಪಿನವರು ತೋರಿಸಿದಾಗ ಅಮ್ಮ ಹಿಂದೆ ನೋಡಿದ್ದ ಜಿಂಕೆಯ ಕಾರ್ಟೂನ್ ಯಾವುದೆಂದು ಹೋದ ತಿಂಗಳು ಇಲ್ಲಿ ಕೇಳಿದ್ದೆ. ಅಮ್ಮನಿಗೆ ನೆನಪಿದ್ದದ್ದು ಒಂದೇ: ಬಸುರಿ ಜಿಂಕೆಯ ಬದಲು ರಾಜಜಿಂಕೆ ತಾನೇ ಕೊರಳೊಡ್ಡುವುದು.

ನಿಮ್ಮಲ್ಲಿ ಇಬ್ಬರು ಹೇಳಿದ್ದು ಸರಿ. ಅದು ಕೇಂದ್ರ ಸರ್ಕಾರದ ಚಿತ್ರಸಂಸ್ಥೆ ಫಿಲ್ಮ್ಸ್ ಡಿವಿಷನ್ 1957ರಲ್ಲಿ ಮಾಡಿದ 'ದಿ ಬ್ಯಾನಿಯನ್ ಡೀರ್', ಬುದ್ಧನ ಹಿಂದಿನ ಜನ್ಮಗಳನ್ನು ಹೇಳುವ ಜಾತಕ ಕಥೆಗಳಲ್ಲೊಂದು. ಡಿಸ್ನಿಯಲ್ಲಿ ದುಡಿದಿದ್ದ ಕ್ಲೇರ್ ವೀಕ್ಸ್ ಮುಂಬೈಗೆ ಬಂದು ಇಲ್ಲಿನ ಹುಡುಗರಿಗೆ ಕೆಲಸ ಕಲಿಸಿದ ಕಾಲದ್ದು. ಮುಂದೆ ಭಾರತದ ಅನಿಮೇಷನ್‌ನ ದೊಡ್ಡ ಹೆಸರಾದ ರಾಮ್ ಮೋಹನ್ ಕೂಡ ಅಲ್ಲೇ ಕಲಿತವರು. ಆಗ ಕಂಪ್ಯೂಟರ್ ಎಲ್ಲಿಯದು? ಪ್ರತಿಯೊಂದು ಚಲನೆಯನ್ನೂ ಕೈಯಲ್ಲೇ ಬರೆದು, ಒಂದೊಂದೇ ಚಿತ್ರವಾಗಿ ಕ್ಯಾಮೆರಾಕ್ಕೆ ಹಿಡಿದದ್ದು.

ನಿನ್ನೆ ರಾತ್ರಿ ಊಟ ಮುಗಿಸಿ ಅಮ್ಮನ ಜೊತೆ ಮೊಬೈಲಲ್ಲಿ ನೋಡಿದೆ. ಮೊದಲು ಸುಮ್ಮನಿದ್ದರು. ಜಿಂಕೆಗಳ ಹಿಂಡು ಬರುತ್ತಿದ್ದಂತೆ, "ಇದೇ ಮಗಾ, ಇದೇ!" ಎಂದು ನನ್ನ ಕೈ ಹಿಡಿದರು. ಕೊರಳೊಡ್ಡುವ ಹೊತ್ತಿಗೆ ಕಣ್ಣು ತುಂಬಿತ್ತು. ಆವತ್ತು ಪಕ್ಕದಲ್ಲಿ ಕೂತಿದ್ದ ದೊಡ್ಡಮ್ಮನೂ ಅತ್ತಿದ್ದರಂತೆ. ದೊಡ್ಡಮ್ಮ ಈಗಿಲ್ಲ.

ಅದೇ ಫಿಲ್ಮ್ಸ್ ಡಿವಿಷನ್‌ನ 1974ರ ಕಾರ್ಟೂನ್ 'ಏಕ್ ಅನೇಕ್ ಔರ್ ಏಕತಾ' ದೂರದರ್ಶನದಿಂದಾಗಿ ಮನೆಮನೆಗೂ ಗೊತ್ತು. ಅದಕ್ಕಿಂತ ಹಳೆಯ ಈ ಜಿಂಕೆಯನ್ನು ಬಲ್ಲವರು ಎಷ್ಟು ಕಡಿಮೆ! ನನಗಂತೂ ಸಂಕಟವಾಗುತ್ತದೆ.

ಆವತ್ತಿನ ವಿವರಣೆ ಮಲಯಾಳದಲ್ಲಿತ್ತು ಎಂದು ಅಮ್ಮ ಹಟ ಹಿಡಿದಿದ್ದಾರೆ. ಮಲಯಾಳ ಅಥವಾ ಕನ್ನಡದ ಪ್ರತಿ ಎಲ್ಲಾದರೂ ಕಂಡರೆ ದಯವಿಟ್ಟು ತಿಳಿಸಿ.